ಜಮಖಾನದ ಮೇಲೆ ರೈಲುದಾರಿ

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲುದಾರಿ ಬಂದುದು 1899ರಲ್ಲಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸವನ್ನಾರಂಭಿಸಿದ ಮೇಲೆ ಈ ದಾರಿಯ ಮಹತ್ವ ಮತ್ತಷ್ಟು ಹೆಚ್ಚಿತು. ಮೊದಲು ಇದು ಮೀಟರ್ ಗೇಜಿನ ದಾರಿ. ಎರಡು ಕಂಬಿಗಳ ನಡುವಣ ಅಂತರ 1000 ಮಿಲಿಮೀಟರು. ಈಗ ಇದು ಬ್ರಾಡ್ ಗೇಜ್. ಅಂತರ 1676 ಮಿಲಿಮೀಟರು. ಇಂಥ ದಾರಿಯೊಂದರ ಕಿರುಮಾದರಿಯನ್ನು ಗಾಂಧಿ ಬಜಾರಿನ ಓಣಿಯೊಂದರ ಮನೆಯ ನಡುಮನೆಯಲ್ಲಿ, ನೆಲಹಾಸಿನ ಮೇಲೆ, ಒಂದು ದಿನದ ಮಟ್ಟಿಗೆ ಹಾಸಿ, ರಾತ್ರಿ ಊಟದ ಹೊತ್ತಿಗೆ ಎತ್ತಿಡುವುದು ಸಾಧ್ಯವೆ? ಸಾಧ್ಯವುಂಟು. ಆದರೆ ನಿಜವಾದ ರೈಲುದಾರಿಯನ್ನು ಕಟ್ಟುವ ಇಂಜಿನಿಯರು ಎದುರಿಸುವ ಪ್ರಶ್ನೆಗಳೆಲ್ಲ ಇಲ್ಲಿಯೂ ಎದುರಾಗುತ್ತವೆ.

ಮೊದಲನೆಯದು ಪ್ರಮಾಣದ ಪ್ರಶ್ನೆ. ಮಾದರಿ ರೈಲುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು 'ಎಚ್‌ಓ' ಎಂಬ ಅಳತೆ. ಇದರಲ್ಲಿ ಪ್ರತಿಯೊಂದು ವಸ್ತುವೂ ನಿಜವಾದುದರ 87ನೆಯ ಒಂದು ಭಾಗವಾಗಿರುತ್ತದೆ; ಕಂಬಿಗಳ ಅಂತರ 16.5 ಮಿಲಿಮೀಟರು. ಇದನ್ನು 87ರಿಂದ ಗುಣಿಸಿದರೆ ಸುಮಾರು 1435 ಮಿಲಿಮೀಟರು ಬರುತ್ತದೆ. ಇದು ಯೂರೋಪು ಅಮೆರಿಕಗಳ ಗೇಜೇ ಹೊರತು ನಮ್ಮದಲ್ಲ. ನಮ್ಮ ಬ್ರಾಡ್ ಗೇಜಿಗೆ ನ್ಯಾಯವಾಗಿ 19 ಮಿಲಿಮೀಟರಿಗಿಂತ ತುಸು ಹೆಚ್ಚು ಅಂತರವಿರಬೇಕು.

ಶಿವಮೊಗ್ಗ ಭದ್ರಾವತಿಗಳ ನಡುವಣ 17-18 ಕಿಲೋಮೀಟರು ಈ ಪ್ರಮಾಣದಲ್ಲಿ ಸುಮಾರು 200 ಮೀಟರಾಗುತ್ತದೆ. ಆದುದರಿಂದ ದಾರಿಯನ್ನು ಬಳಸಿ ಸುತ್ತಿಸುವುದು ಅನಿವಾರ್ಯ. ಬ್ರಾಡ್ ಗೇಜಿನಲ್ಲಿ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರು. ಮಾದರಿಯಲ್ಲಿ ಇದು 2 ಮೀಟರು. ಒಂದು ಪೂರ್ಣ ವೃತ್ತಕ್ಕೆ 4 ಮೀಟರಿನ ಕೋಣೆ ಬೇಕು! ಪೆಟ್ಟಿಗೆಯಲ್ಲಿ ಬರುವ ಬಾಗುಕಂಬಿಗಳ ತ್ರಿಜ್ಯವಾದರೋ ಅರ್ಧ ಮೀಟರಿಗಿಂತ ಕಡಿಮೆ. ಆದಕಾರಣವೇ ಅಲ್ಲಿ ವೇಗವನ್ನು ತಗ್ಗಿಸುವುದು ಲೇಸು. ಗಂಟೆಗೆ 60 ಕಿಲೋಮೀಟರು ಓಡುವ ಗಾಡಿ ಮಾದರಿಯಲ್ಲಿ ಸೆಕೆಂಡಿಗೆ 19 ಸೆಂಟಿಮೀಟರು ಮಾತ್ರ ಸರಿಯಬೇಕು. ಮಕ್ಕಳು ಓಡಿಸುವ ವೇಗ ಸಾಮಾನ್ಯವಾಗಿ ಇದರ ಮೂರು ನಾಲ್ಕು ಪಾಲು!

ತೂಕದ ಲೆಕ್ಕ ಇನ್ನೂ ಸ್ವಾರಸ್ಯವಾದುದು. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಕುಗ್ಗುವುದರಿಂದ ಗಾತ್ರವು 87ರ ಘನದಷ್ಟು, ಅಂದರೆ ಆರೂವರೆ ಲಕ್ಷ ಪಾಲಿಗಿಂತಲೂ ಹೆಚ್ಚು ಕುಗ್ಗುತ್ತದೆ. 120 ಟನ್ ತೂಗುವ ಇಂಜಿನು ಈ ಲೆಕ್ಕದಲ್ಲಿ 182 ಗ್ರಾಮು ಮಾತ್ರ. ಇಷ್ಟು ಹಗುರವಾದ ಗಾಡಿಯನ್ನು ಹಳಿ ತಪ್ಪಿಸಲು ಒಂದು ನೂಲಿನ ಎಳೆಯೇ ಸಾಕು.

ಇಲ್ಲಿಂದ ನೆಲಹಾಸಿನ ಪ್ರಶ್ನೆ ಆರಂಭವಾಗುತ್ತದೆ. ನಿಜವಾದ ದಾರಿಯಲ್ಲಿ ಕಂಬಿಯ ಕೆಳಗೆ ಸ್ಲೀಪರುಗಳು, ಅವುಗಳ ಕೆಳಗೆ ಜಲ್ಲಿಕಲ್ಲಿನ ಹಾಸು ಇರುತ್ತವೆ. ಚಕ್ರದ ಭಾರವನ್ನು ವಿಶಾಲವಾಗಿ ಹಂಚಿ, ಕಂಬಿ ಒಂದೆಡೆ ಕುಸಿಯದಂತೆ ತಡೆಯುವುದು ಇವುಗಳ ಕೆಲಸ. ದಪ್ಪ ಜುಂಗಿನ ರತ್ನಗಂಬಳಿಯಲ್ಲಿ ಈ ಗುಣವಿಲ್ಲ. ಗಾಡಿ ಬಂದೊಡನೆ ಕಂಬಿಯ ಕೀಲುಗಳು ತಗ್ಗುತ್ತವೆ, ಹೋದೊಡನೆ ಏಳುತ್ತವೆ. ಕೀಲಿನಲ್ಲಿ ಒಂದು ಮಿಲಿಮೀಟರಿನ ಏರುತಗ್ಗೆಂದರೆ ನಿಜವಾದ ದಾರಿಯಲ್ಲಿ 87 ಮಿಲಿಮೀಟರಿನ ಮೆಟ್ಟಿಲಿದ್ದಂತೆ. ಜುಂಗಿಲ್ಲದೆ ಒತ್ತಾಗಿ ನೇಯ್ದ ಹತ್ತಿಯ ಜಮಖಾನ ಇದಕ್ಕಿಂತ ಎಷ್ಟೋ ಮೇಲು. ಅದರ ಮೇಲೆಯೂ ತೆಳು ಪ್ಲೈವುಡ್ಡಿನ ಅಥವಾ ಗಟ್ಟಿ ರಟ್ಟಿನ ಹಲಗೆಗಳನ್ನಿಟ್ಟು ಕಂಬಿ ಜೋಡಿಸಿದರೆ, ಜಲ್ಲಿಕಲ್ಲು ಮಾಡುವ ಕೆಲಸವನ್ನು ಹಲಗೆ ಮಾಡುತ್ತದೆ. ಒಂದು ಹಲಗೆಯ ಅಂಚು ಕಂಬಿಯ ಕೀಲಿನ ಕೆಳಗೇ ಬಾರದಂತೆ ಎಚ್ಚರ ವಹಿಸಬೇಕು.

ಎರಡನೆಯ ತೊಡಕು ವಿದ್ಯುತ್ತಿನದು. ಸಾಮಾನ್ಯ ಮಾದರಿಗಳಲ್ಲಿ ಒಂದು ಕಂಬಿಯ ಮೂಲಕ ಇಂಜಿನಿಗೆ ಹೋದ ಪ್ರವಾಹವು ಮತ್ತೊಂದು ಕಂಬಿಯ ಮೂಲಕ ಹಿಂದಿರುಗುತ್ತದೆ. ಒತ್ತಡ ಹೆಚ್ಚೆಂದರೆ 12 ವೋಲ್ಟಿನಷ್ಟು. ಕೀಲುಗಳು ಸಡಿಲವಾದರೆ ಅಲ್ಲಿ ರೋಧ ಹೆಚ್ಚುತ್ತದೆ. ಹೋಗಿ ಬರುವ ದಾರಿಯ ಕೀಲುಗಳೆಲ್ಲ ಸೇರಿ 8 ಓಮ್ ರೋಧವನ್ನೊಡ್ಡಿದವೆಂದೂ ಇಂಜಿನು ಅರ್ಧ ಆಂಪಿಯರ್ ಪ್ರವಾಹವನ್ನು ಸೆಳೆಯುವುದೆಂದೂ ಭಾವಿಸೋಣ. ಓಮನ ನಿಯಮದಂತೆ 4 ವೋಲ್ಟು ದಾರಿಯಲ್ಲಿಯೇ ನಷ್ಟವಾಗಿ ಇಂಜಿನಿಗೆ 8 ವೋಲ್ಟು ಮಾತ್ರ ದೊರೆಯುತ್ತದೆ. ದೂರದ ತಿರುವಿನಲ್ಲಿ ಗಾಡಿ ಏದುಸಿರು ಬಿಡುವುದು ಇದರಿಂದಲೇ. ಪರಿಹಾರ ಸುಲಭ: ದಾರಿಯ ಎರಡು ಮೂರು ಕಡೆಗಳಲ್ಲಿ ತಂತಿ ಜೋಡಿಸಿ ಪ್ರವಾಹವನ್ನು ಒದಗಿಸುವುದು. ಒಳಕಂಬಿಗೆ ಯಾವಾಗಲೂ ಒಂದೇ ತಂತಿ, ಹೊರಕಂಬಿಗೆ ಮತ್ತೊಂದು ಎಂಬ ನಿಯಮವನ್ನು ಮಾತ್ರ ಮೀರಬಾರದು; ಮೀರಿದರೆ ಎರಡು ಧ್ರುವಗಳೂ ನೇರವಾಗಿ ಕೂಡಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಹೋದ ಗಾಡಿ ಬಳಸಿ ಬಂದು ಅದೇ ಕಂಬಿಯನ್ನು ಸೇರುವಂತೆ ಕುಣಿಕೆ ಹಾಕಿದಾಗಲೂ ಇದೇ ಅನಾಹುತವುಂಟಾಗುತ್ತದೆ. ಎಡಗಂಬಿ ಬಲಗಂಬಿಯನ್ನು ಸಂಧಿಸುವುದೇ ಇದಕ್ಕೆ ಕಾರಣ.

ಮೂರನೆಯದು ಧೂಳು ಮತ್ತು ಎಳೆ. ಇಂಜಿನಿನ ಅಚ್ಚುಗಳಿಗೆ ಹಾಕಿದ ಎಣ್ಣೆ ನೂಲಿನ ಎಳೆಗಳನ್ನು ಅಂಟಿಸಿಕೊಂಡು ಹಲ್ಲುಚಕ್ರಗಳಿಗೆ ಸುತ್ತುತ್ತದೆ. ಮೋಟಾರಿನ ಅಯಸ್ಕಾಂತವು ನೆಲಹಾಸಿನಲ್ಲಿ ಬಿದ್ದ ಗುಂಡುಸೂಜಿ, ಕಬ್ಬಿಣದ ಪುಡಿಗಳನ್ನು ಸೆಳೆಯಬಲ್ಲುದು. ನೈಲಾನಿನಂಥ ಕೃತಕ ನೂಲಿನ ಹಾಸಾದರೆ, ಒಣಹವೆಯಲ್ಲಿ ಅದರ ಮೇಲೆ ನಡೆದಾಡಿದವನ ಮೈಯಲ್ಲಿ ಸ್ಥಾಯಿವಿದ್ಯುತ್ತು ಸಂಚಯವಾಗುತ್ತದೆ. ಬೆರಳು ತಾಗಿದೊಡನೆ ಕಿಡಿ ಹಾರಿ, ಇಂದಿನ ಇಂಜಿನುಗಳಲ್ಲಿರುವ ಸೂಕ್ಷ್ಮ ಎಲೆಕ್ಟ್ರಾನಿಕ್ ಭಾಗಗಳು ಕೆಡಬಹುದು. ಹತ್ತಿ ತೇವವನ್ನು ಹೀರುವುದರಿಂದ ಜಮಖಾನದಲ್ಲಿ ಈ ಭಯ ಕಡಿಮೆ. ಮಲೆನಾಡಿನ ಮಳೆಗಾಲದಲ್ಲಂತೂ ಇನ್ನೂ ಕಡಿಮೆ. ಆದರೆ ಆ ಕಾಲದ ತೇವ ಇಂಜಿನಿನ ಉಕ್ಕಿನ ಭಾಗಗಳಿಗೆ ತುಕ್ಕು ಹಿಡಿಸುತ್ತದೆ. ಆಟ ಮುಗಿದೊಡನೆ ಒಣಬಟ್ಟೆಯಿಂದ ಕಂಬಿಯನ್ನೊರಸಿ ಪೆಟ್ಟಿಗೆಯಲ್ಲಿಡುವುದು ಆದುದರಿಂದ ಅವಶ್ಯ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಮನೆಯ 230 ವೋಲ್ಟಿನ ವಿದ್ಯುತ್ತನ್ನು ಎಂದಿಗೂ ನೇರವಾಗಿ ಕಂಬಿಗೆ ಕೊಡಕೂಡದು, ಅದು ಪ್ರಾಣಾಪಾಯಕರ. ಆಟಿಕೆಗೆಂದೇ ತಯಾರಾದ, ಒತ್ತಡವನ್ನು ತಗ್ಗಿಸುವ ಸುರಕ್ಷಿತ ಸಾಧನವನ್ನೇ ಉಪಯೋಗಿಸಬೇಕು. ಅದನ್ನು ಬಟ್ಟೆಯಲ್ಲಿ ಮುಚ್ಚಿಡದೆ ಹಲಗೆಯ ಮೇಲೆ ಗಾಳಿಯಾಡುವಂತೆ ಇಡಬೇಕು. ಅದನ್ನು ಮನೆಯಲ್ಲಿ ತಯಾರಿಸುವ ಸಾಹಸ ಬೇಡ.

ಇಷ್ಟು ಮಾಡಿದ ವಿದ್ಯಾರ್ಥಿಗೆ ಪಠ್ಯಪುಸ್ತಕದ ಓಮನ ನಿಯಮ, ಘನಫಲದ ಲೆಕ್ಕ, ಸ್ಥಾಯಿವಿದ್ಯುತ್ತು ಮೂರೂ ಕೈಗೆ ಸಿಕ್ಕಿರುತ್ತವೆ. ಮುಂದೆ ಭದ್ರಾವತಿಯ ನಿಲ್ದಾಣದಲ್ಲಿ ನಿಂತಾಗ ಕಂಬಿಗಳ ಕೆಳಗಿನ ಜಲ್ಲಿಕಲ್ಲಿನ ರಾಶಿ ಏತಕ್ಕೆಂದು ಅವನಾಗಲಿ ಅವಳಾಗಲಿ ಯಾರನ್ನೂ ಕೇಳಬೇಕಾಗಿಲ್ಲ.