ಹಳೆಯ ಸ್ಕ್ಯಾನ್ ಎಲ್ಲಿದೆ?

ಗೌರಿ ಹಬ್ಬಕ್ಕೆಂದು ಅಕ್ಕ ನಾಸಿಕ್‌ನಿಂದ ನಮ್ಮ ಮನೆಗೆ ಬಂದಿದ್ದಳು. ನಾನಿರುವುದು ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ. (ಊರಲ್ಲಿ ಅಮ್ಮನಿಗೆ ಇನ್ನೂ ಔರಂಗಾಬಾದ್ ಎಂದರೇ ಗೊತ್ತಾಗುವುದು.) ಬಂದ ಮರುದಿನವೇ ಅಕ್ಕನಿಗೆ ತಲೆನೋವು, ವಾಂತಿ. ಪಿತ್ತ ಇರಬೇಕು ಅಂದುಕೊಂಡೆವು. ಮೂರನೇ ದಿನ ಕಾಫಿ ಲೋಟ ಕೈಗೆ ಕೊಟ್ಟರೆ ಕುಡಿಯದೆ ಅದನ್ನೇ ನೋಡುತ್ತ ಕೂತಳು. ಮಂಕು ಕವಿದ ಹಾಗಿತ್ತು.

ಅವಳ ತಲೆಯಲ್ಲಿ ಶಂಟ್ ಇದೆ ಎಂಬುದೇ ನಮಗೆ ಮರೆತುಹೋಗಿತ್ತು. ಹದಿನಾರು ವರ್ಷದ ಹಿಂದೆ ಬೆಂಗಳೂರಿನಲ್ಲಿ ಟಿಬಿ ಮೆದುಳಿನ ಪೊರೆಗೆ ತಗುಲಿ, ತಲೆಯಲ್ಲಿ ನೀರು ತುಂಬಿದಾಗ ಹಾಕಿಸಿದ್ದು. ಮೆದುಳಿನಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್ ದ್ರವ ಹುಟ್ಟುತ್ತದೆ. ಅದು ಹೋಗುವ ದಾರಿ ಕಟ್ಟಿಕೊಂಡರೆ ಒಳಗಿನ ಕುಹರಗಳು ಉಬ್ಬುತ್ತವೆ. ಆ ದ್ರವವನ್ನು ಚರ್ಮದಡಿಯಲ್ಲೇ ಕುತ್ತಿಗೆ, ಎದೆ ದಾಟಿಸಿ ಹೊಟ್ಟೆಗೆ ಇಳಿಸುವ ಸಿಲಿಕೋನ್ ನಳಿಕೆಯೇ ಶಂಟ್. ಕಿವಿಯ ಹಿಂದೆ ಅದಕ್ಕೊಂದು ವಾಲ್ವ್. 1956ರಲ್ಲಿ ಅಮೆರಿಕದ ಜಾನ್ ಹೋಲ್ಟರ್ ಎಂಬ ಮೆಕ್ಯಾನಿಕ್ ತನ್ನ ಸ್ವಂತ ಮಗುವಿಗಾಗಿ ಅಂಥದ್ದೊಂದು ವಾಲ್ವ್ ಮಾಡಿದ. ಓಝರ್‌ನ ಎಚ್‌ಎಎಲ್‌ನಲ್ಲಿ ಕೆಲಸ ಮಾಡುವ ನಮ್ಮ ಭಾವನಿಗೆ ಈ ಕತೆ ಬಹಳ ಇಷ್ಟ.

ಮೊದಲು ಹೋದ ಆಸ್ಪತ್ರೆಯಲ್ಲಿ ಮಾತಾಡಿದವನು ನಾನೇ. ನನ್ನ ಕಂಪನಿ ಮರಾಠಿಯಲ್ಲಿ 'ಮಂಕು' ಎನ್ನುವುದಕ್ಕೆ 'ಥಕವಾ' ಅಂದುಬಿಟ್ಟೆ. ಥಕವಾ ಅಂದರೆ ಬರೀ ಆಯಾಸ. 'ಗುಂಗಿ' ಅಂದಿದ್ದರೆ ವೈದ್ಯರು ತಲೆಯೆತ್ತಿ ನೋಡುತ್ತಿದ್ದರೇನೋ. ಮೈಗ್ರೇನ್ ಎಂದು ಇಂಜೆಕ್ಷನ್ ಕೊಟ್ಟರು. ಸಿಟಿ ಸ್ಕ್ಯಾನ್ ವರದಿಯಲ್ಲಿ ಕುಹರಗಳು ಸ್ವಲ್ಪ ದೊಡ್ಡದಾಗಿವೆ ಎಂದಿತ್ತು. ಶಂಟ್ ಇದ್ದವರಿಗೆ ಅದು ಇದ್ದದ್ದೇ ಎಂದು ಮನೆಗೆ ಕಳಿಸಿದರು.

ರಾತ್ರಿ ಅಕ್ಕನನ್ನು ಎಬ್ಬಿಸುವುದೇ ಕಷ್ಟವಾಯಿತು. ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ನ್ಯೂರೋಸರ್ಜನ್ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ನರ ಊದಿದೆ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಜುನಾ ಸ್ಕ್ಯಾನ್ ಕುಠೆ ಆಹೆ?"

ಹಳೆಯ ಸ್ಕ್ಯಾನ್ ನಾಸಿಕ್‌ನಲ್ಲಿ, ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ! ಭಾವ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿ, ಯೇವಲಾ ಮಾರ್ಗವಾಗಿ ಕಾರಿನಲ್ಲಿ ಹೊರಟೇಬಿಟ್ಟರು. ಶಂಟ್ ಹಾಕಿ ಗುಣವಾದ ಮೇಲೆ ತೆಗೆಸಿದ್ದ ಆ ಫಿಲ್ಮಿನಲ್ಲಿ ಕುಹರಗಳು ಸಣ್ಣ ಸೀಳಿನಂತಿದ್ದವು. ಈಗಿನದನ್ನು ಪಕ್ಕಕ್ಕಿಟ್ಟರೆ ನನ್ನಂಥವನಿಗೂ ವ್ಯತ್ಯಾಸ ಗೊತ್ತಾಗುತ್ತಿತ್ತು. 'ಸ್ವಲ್ಪ ದೊಡ್ಡದು' ಎಂಬುದು ಅಕ್ಕನ ಪಾಲಿಗೆ ಬಹಳ ದೊಡ್ಡದು.

ತಲೆಯಿಂದ ಹೊಟ್ಟೆಯವರೆಗೆ ಸಾದಾ ಎಕ್ಸ್‌ರೇ ತೆಗೆದರು. ಕುತ್ತಿಗೆಯಲ್ಲಿ ನಳಿಕೆ ತುಂಡಾಗಿ, ನಡುವೆ ಎರಡು ಬೆರಳಿನಷ್ಟು ಅಂತರ. ವರ್ಷಗಳಾದಂತೆ ನಳಿಕೆಗೆ ಸುಣ್ಣ ಕಟ್ಟಿ ಪೆಡಸಾಗುತ್ತದೆ, ಕುತ್ತಿಗೆ ಸದಾ ತಿರುಗುವ ಜಾಗ. ತುಂಡಾದರೂ ಸುತ್ತ ಬೆಳೆದ ಪೊರೆಯೊಳಗೆ ದ್ರವ ಕೆಲಕಾಲ ಹರಿಯುವುದುಂಟು, ಹಾಗಾಗಿ ಏರುಪೇರು ಮೆಲ್ಲಗೆ ಶುರುವಾಗುತ್ತದೆ. ಅದನ್ನು ಕೇಳಿ ಭಾವ ಸುಮ್ಮನಾದರು. ಎರಡು ತಿಂಗಳಿಂದ ಅಕ್ಕ ಹುಳಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳಂತೆ, ಮೆಟ್ಟಿಲಲ್ಲಿ ಎಡವುತ್ತಿದ್ದಳಂತೆ.

ವಯಸ್ಸಾದವರಲ್ಲಿ ಇವೇ ಲಕ್ಷಣಗಳು, ಜೊತೆಗೆ ಮೂತ್ರ ತಡೆಯಲಾಗದಿರುವುದು, 'ವಯಸ್ಸಾಯ್ತಲ್ಲ' ಎಂಬ ಮಾತಿನಲ್ಲಿ ಮುಚ್ಚಿಹೋಗುತ್ತವೆ. ಕೆಲವರಿಗೆ ಶಂಟ್ ಕಟ್ಟಿಕೊಂಡರೂ ಕುಹರ ಉಬ್ಬುವುದೇ ಇಲ್ಲ, ಸ್ಕ್ಯಾನ್ ಸರಿಯಿದೆ ಎಂದು ನಿಶ್ಚಿಂತರಾಗುವಂತಿಲ್ಲ. ವಾಲ್ವ್ ಒತ್ತಿ ನೋಡುವುದನ್ನೂ ನಂಬಲಾಗದು. ಒತ್ತಡವನ್ನು ಹೊರಗಿನಿಂದಲೇ ಅಯಸ್ಕಾಂತದಿಂದ ಹೊಂದಿಸುವ ವಾಲ್ವ್ ಇದ್ದರೆ, ಎಂಆರ್‌ಐ ಆದ ಮೇಲೆ ಅದರ ಸೆಟ್ಟಿಂಗ್ ಬದಲಾಗಿದೆಯೇ ಎಂದು ನೋಡಿಸಬೇಕು.

ಅದೇ ರಾತ್ರಿ ಆಪರೇಷನ್ ಆಯಿತು. ಎರಡನೇ ದಿನ ಅಕ್ಕ, "ಸಕ್ಕರೆ ಹಾಕಿಲ್ವೇನೋ ಇದಕ್ಕೆ?" ಎಂದು ಕಾಫಿಗೆ ಮುಖ ಸಿಂಡರಿಸಿದಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ಆರು ವಾರ ಕಳೆದು ನಾಸಿಕ್‌ನಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸಿದೆವು. "ಆರಾಮಾಗಿದ್ದೀನಲ್ಲ, ಸುಮ್ನೆ ಯಾಕೆ ದುಡ್ಡು ದಂಡ?" ಎಂದು ಅಕ್ಕ ಗೊಣಗಿದಳು. ಆರಾಮಾಗಿರುವಾಗಿನದೇ ಬೇಕು ಎಂದರು ಭಾವ. ಅದರ ಫೋಟೋ, ವಾಲ್ವಿನ ಹೆಸರು ಈಗ ನಮ್ಮ ಮೂವರ ಫೋನಿನಲ್ಲೂ ಇವೆ.