ಮಧ್ಯಾಹ್ನದ ಬಿಡುವಿನಲ್ಲಿ ನಡೆದ ತಪಸ್ಸು

ದೇಹಸಾಧನೆಯೆಂಬುದು ಉಳ್ಳವರ ವಿನೋದ, ಕೆಲಸವಿಲ್ಲದವರ ಕಾಲಹರಣ ಎಂದು ಭಾವಿಸುವ ಗೃಹಸ್ಥರು ನಮ್ಮಲ್ಲಿ ಕಡಮೆಯಿಲ್ಲ. ಓದುವ ಹುಡುಗನು ಮೈದಾನದ ಕಡೆಗೆ ಕಾಲಿಟ್ಟರೆ ತಂದೆಯ ಹುಬ್ಬು ಗಂಟಿಕ್ಕುತ್ತದೆ. ವಿದ್ಯೆಗೂ ವ್ಯಾಯಾಮಕ್ಕೂ ಎಣ್ಣೆ ಸೀಗೆಕಾಯಿಯ ಸಂಬಂಧವೆಂಬುದು ಹಲವರ ದೃಢವಾದ ನಂಬಿಕೆ. ಸಾಧನೆಗೆ ದ್ರವ್ಯ ಬೇಕು, ಬಿಡುವು ಬೇಕು, ಪೋಷಕರು ಬೇಕು; ಈ ಮೂರೂ ಇಲ್ಲದವನು ಹಂಬಲಿಸಿ ಫಲವೇನು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಇವೆಲ್ಲಕ್ಕೂ ಉತ್ತರವಾಗಬಲ್ಲ ವೈದ್ಯವಿದ್ಯಾರ್ಥಿಯೊಬ್ಬನ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದು ನಾವು ಅಪೇಕ್ಷಿಸುತ್ತೇವೆ.

ಆತನ ಹೆಸರು ರಾಜರ್ ಬ್ಯಾನಿಸ್ಟರ್. 1929ರಲ್ಲಿ ಇಂಗ್ಲೆಂಡಿನ ಹ್ಯಾರೋ ಎಂಬಲ್ಲಿ ಜನನ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ, ತರುವಾಯ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ. ಒಂದು ಮೈಲಿಯ ಓಟದಲ್ಲಿ ಆತನಿಗೆ ಆಸಕ್ತಿ. ಆ ಕಾಲದಲ್ಲಿ ಓಟಗಾರನು ಓಟದಿಂದ ಒಂದು ಕಾಸನ್ನೂ ಸಂಪಾದಿಸಕೂಡದೆಂಬ ಕಟ್ಟುನಿಟ್ಟಾದ ನಿಯಮವಿದ್ದಿತು. ಇಂಥವರನ್ನು ಅಮೆಚೂರ್ ಎಂದು ಕರೆಯುತ್ತಿದ್ದರು. ಈ ಶಬ್ದದ ಲ್ಯಾಟಿನ್ ಮೂಲವನ್ನು ನೋಡಿದರೆ ‘ಪ್ರೀತಿಸುವವನು’ ಎಂದೇ ಅರ್ಥವಾಗುತ್ತದೆ. ಪ್ರೀತಿಗೂ ದಂಡ ತೆರಬೇಕಾದ ಪ್ರಸಂಗಗಳುಂಟು: ಪ್ರಯಾಣದ ಖರ್ಚಿಗೆಂದು ಮಿತಿಮೀರಿ ಹಣ ಪಡೆದನೆಂಬ ಆರೋಪದಿಂದ ಅಮೆರಿಕದ ಶ್ರೇಷ್ಠ ಓಟಗಾರ ವೆಸ್ ಸ್ಯಾಂಟಿಯನ್ನು 1956ರಲ್ಲಿ ಪಂದ್ಯಗಳಿಂದಲೇ ಬಹಿಷ್ಕರಿಸಿದರು. ಹೀಗಿದ್ದ ಕಾಲದಲ್ಲಿ ಬ್ಯಾನಿಸ್ಟರನಿಗೆ ಧನದಾತರಾದ ಪೋಷಕರು ಯಾರಿರಲು ಸಾಧ್ಯ?

ಮೈಲಿಯೆಂದರೆ 1760 ಗಜ, ಅಂದರೆ 440 ಗಜದ ಅಂಗಣಕ್ಕೆ ಸರಿಯಾಗಿ ನಾಲ್ಕು ಸುತ್ತು. ಪ್ರತಿಯೊಂದು ಸುತ್ತನ್ನೂ 60 ಸೆಕೆಂಡಿನಲ್ಲಿ ಮುಗಿಸಿದರೆ ನಾಲ್ಕು ನಿಮಿಷ. ಲೆಕ್ಕ ಎಷ್ಟು ಸುಲಭ! 1945ರಲ್ಲಿ ಸ್ವೀಡನ್ನಿನ ಗುಂಡರ್ ಹೇಗ್ ಎಂಬಾತನು 4 ನಿಮಿಷ 1.4 ಸೆಕೆಂಡಿನಲ್ಲಿ ಓಡಿದ್ದನು. ಆಮೇಲೆ ಎಂಟು ವರ್ಷ ಕಳೆದರೂ ಆ ಒಂದೂವರೆ ಸೆಕೆಂಡನ್ನು ಕಳೆಯುವ ಧೀರನು ಹುಟ್ಟಲಿಲ್ಲ. ನಾಲ್ಕು ನಿಮಿಷದ ಆಚೆಗೆ ಮಾನವದೇಹಕ್ಕೆ ಪ್ರವೇಶವಿಲ್ಲವೆಂದು ನಂಬಿದವರೂ ಇದ್ದರು.

1952ರ ಹೆಲ್ಸಿಂಕಿ ಒಲಿಂಪಿಕ್ ಪಂದ್ಯಕ್ಕೆ ಹೋಗುವಾಗ ಬ್ಯಾನಿಸ್ಟರನ ಮೇಲೆ ಸ್ವದೇಶದವರ ಆಸೆ ಬಹಳವಾಗಿತ್ತು. ಆಸ್ಪತ್ರೆಯ ಕೆಲಸದ ನಡುವೆ ಆತನು ಮಿತವಾದ ಅಭ್ಯಾಸವನ್ನು ಮಾತ್ರ ಮಾಡಿದ್ದನು. ಕೊನೆಯ ಗಳಿಗೆಯಲ್ಲಿ ಅಲ್ಲಿನವರು ಒಂದು ಸುತ್ತಿನ ಪಂದ್ಯವನ್ನು ಹೆಚ್ಚಿಸಿದರು; ಮೂರು ದಿನಗಳಲ್ಲಿ ಮೂರು ಸಲ ಓಡಬೇಕಾಯಿತು. ಆತನಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಪತ್ರಿಕೆಗಳು ಟೀಕಿಸಿದವು. ಓಟವನ್ನೇ ಬಿಟ್ಟು ವೈದ್ಯವಿದ್ಯೆಗೆ ಸಂಪೂರ್ಣ ಮನಸ್ಸು ಕೊಡಲೇ ಎಂದು ಆತನು ಬಹುಕಾಲ ತೂಗಿ ನೋಡಿದನು. ಕಡೆಗೆ, ವೈದ್ಯಪದವಿ ದೊರೆಯಲಿರುವ 1954ರವರೆಗೆ ಪ್ರಯತ್ನಿಸುವುದು, ಬಳಿಕ ಬಿಡುವುದು ಎಂದು ನಿಶ್ಚಯಿಸಿದನು. ಅವಧಿ ಗೊತ್ತಾದ ಕಾರ್ಯಕ್ಕೆ ತೀವ್ರತೆ ತಾನಾಗಿ ಬರುತ್ತದೆ.

1953ರ ಜೂನ್‌ನಲ್ಲಿ ಆತನು 4 ನಿಮಿಷ 2 ಸೆಕೆಂಡಿನಲ್ಲಿ ಮೈಲಿಯನ್ನು ಓಡಿದನು. ಆದರೆ ಗೆಳೆಯನಾದ ಕ್ರಿಸ್ ಬ್ರಾಷರ್ ಬೇಕೆಂದೇ ಹಿಂದೆ ಉಳಿದು, ಬ್ಯಾನಿಸ್ಟರನು ಒಂದು ಸುತ್ತು ಮುಂದಾದಾಗ ಜೊತೆಗೂಡಿ ದಾರಿ ತೋರಿದ್ದನು. ಅದು ನಿಜವಾದ ಪಂದ್ಯವಲ್ಲವೆಂದು ಬ್ರಿಟಿಷ್ ಅಧಿಕಾರಿಗಳು ದಾಖಲೆಯನ್ನು ಮನ್ನಿಸಲಿಲ್ಲ. ಅತ್ತ ಆಸ್ಟ್ರೇಲಿಯದ ಜಾನ್ ಲ್ಯಾಂಡಿಯೂ ಅಮೆರಿಕದ ಸ್ಯಾಂಟಿಯೂ ಅದೇ ಗುರಿಯನ್ನು ಬೆನ್ನಟ್ಟಿದ್ದರು. ಕಾಲ ಕಿರಿದಾಗುತ್ತ ಬಂದಿತು.

ಆತನ ದಿನಚರಿಯನ್ನು ಕೇಳಿರಿ. ಬೆಳಿಗ್ಗೆ ರೋಗಿಗಳ ಶುಶ್ರೂಷೆ, ಪಾಠ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಸಮೀಪದ ಪ್ಯಾಡಿಂಗ್ಟನ್ ಮೈದಾನಕ್ಕೆ ಹೋಗಿ, ಎಲ್ಲರಂತೆ ಚಿಲ್ಲರೆಕಾಸನ್ನು ಕೊಟ್ಟು ಒಳಹೊಕ್ಕು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಓಡುವುದು. ಆತುರದಲ್ಲಿ ಏನನ್ನಾದರೂ ತಿಂದು ಮತ್ತೆ ಆಸ್ಪತ್ರೆಗೆ ಮರಳುವುದು. ಬ್ರಾಷರನೂ ಕ್ರಿಸ್ ಚಾಟವೇ ಎಂಬ ಮತ್ತೊಬ್ಬ ಗೆಳೆಯನೂ ಜೊತೆಗಾರರು. ಆಸ್ಟ್ರಿಯಾ ಮೂಲದ ಫ್ರಾಂಜ್ ಸ್ಟಾಂಪ್ಫ್ಲ್ ಎಂಬಾತನು ಅವರ ಸಲಹೆಗಾರ.

1953ರ ಡಿಸೆಂಬರಿನಲ್ಲಿ ಅವರು ಹೊಸ ಕ್ರಮವೊಂದನ್ನು ಹಿಡಿದರು. ಕಾಲು ಮೈಲಿಯನ್ನು ವೇಗವಾಗಿ ಓಡುವುದು, ಎರಡು ನಿಮಿಷ ಬಿಡುವು, ಮತ್ತೆ ಕಾಲು ಮೈಲಿ. ಹೀಗೆ ಹತ್ತು ಸಲ. ಮೊದಲು ಪ್ರತಿಯೊಂದಕ್ಕೂ 66 ಸೆಕೆಂಡು ಹಿಡಿಯಿತು. ಚಳಿಗಾಲವೆಲ್ಲ ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತ ಏಪ್ರಿಲ್ ಹೊತ್ತಿಗೆ 61ಕ್ಕೆ ಇಳಿಸಿದರು. ಅಲ್ಲಿಗೆ ನಿಂತುಹೋಯಿತು. ಎಷ್ಟು ಹೆಣಗಿದರೂ 60ಕ್ಕೆ ಇಳಿಯದು. ದೇಹ ದಣಿದಿತ್ತು, ಮನಸ್ಸು ಬೇಸತ್ತಿತ್ತು.

ಆಗ ಅವರು ಮಾಡಿದುದೇನು? ಇನ್ನಷ್ಟು ಓಡಿದರೇ? ಇಲ್ಲ. ಬ್ಯಾನಿಸ್ಟರನೂ ಬ್ರಾಷರನೂ ಓಟವನ್ನು ಮರೆತು ಸ್ಕಾಟ್ಲೆಂಡಿನ ಗ್ಲೆನ್‌ಕೋ ಪರ್ವತಗಳಿಗೆ ಹೋಗಿ ಕೆಲವು ದಿನ ಬಂಡೆಗಳನ್ನು ಹತ್ತುತ್ತ ಕಳೆದರು. ಮರಳಿ ಬಂದು ಓಡಿ ನೋಡಿದರೆ ಹತ್ತು ಸುತ್ತುಗಳನ್ನೂ 59 ಸೆಕೆಂಡಿನಂತೆ ಮುಗಿಸಲು ಶಕ್ತರಾದರು! ಚಿತ್ತದ ನಿರೋಧಕ್ಕೆ ಪತಂಜಲಿ ಮಹರ್ಷಿಗಳು ಅಭ್ಯಾಸವನ್ನು ಮಾತ್ರವೇ ಹೇಳಲಿಲ್ಲ. ಅದರ ಜೊತೆಯಲ್ಲಿಯೇ ವೈರಾಗ್ಯವನ್ನೂ ಹೇಳಿದರು. ಅದು ಯೋಗದ ವಿಚಾರ, ಇದು ಓಟದ ವಿಚಾರ. ಆದರೂ ಹಿಡಿಯಲು ಬಲ್ಲವನು ಬಿಡಲೂ ಬಲ್ಲವನಾಗಿರಬೇಕೆಂಬ ತತ್ತ್ವ ಎರಡಕ್ಕೂ ಸಮಾನವೆಂದು ನಮಗೆ ತೋರುತ್ತದೆ. ಪಂದ್ಯಕ್ಕೆ ಮುಂಚಿನ ಐದು ದಿನಗಳೂ ಆತನಿಗೆ ಪೂರ್ಣ ವಿಶ್ರಾಂತಿಯಾಗಿದ್ದವು.

1954ರ ಮೇ 6, ಗುರುವಾರ. ಬೆಳಿಗ್ಗೆ ಆಸ್ಪತ್ರೆಗೆ ಹೋದ ಬ್ಯಾನಿಸ್ಟರನು ಪ್ರಯೋಗಶಾಲೆಯ ಸಾಣೆಕಲ್ಲಿನಲ್ಲಿ ಪಾದರಕ್ಷೆಯ ಮೊಳೆಗಳನ್ನು ಮಸೆದು, ಅಂಗಣದ ಇದ್ದಿಲುಬೂದಿ ಅಂಟದಂತೆ ಅವಕ್ಕೆ ಗ್ರಾಫೈಟ್ ಸವರಿದನು. ಬಳಿಕ ರೈಲಿನಲ್ಲಿ ಆಕ್ಸ್‌ಫರ್ಡಿಗೆ ಪ್ರಯಾಣ. ದಿನವೆಲ್ಲ ಗಾಳಿ ಬೀಸುತ್ತಿತ್ತು. ಗಾಳಿಗೆದುರಾಗಿ ಓಡಿದರೆ ಶ್ರಮವೆಲ್ಲ ವ್ಯರ್ಥ. ಬಿಟ್ಟರೆ ಇಂಥ ಸಂದರ್ಭ ಮತ್ತೆ ಬರುವುದೋ ಇಲ್ಲವೋ! ರೈಲಿನಲ್ಲಿ ಸಿಕ್ಕಿದ ಸ್ಟಾಂಪ್ಫ್ಲನು, ಕೈಗೆ ಬಂದುದನ್ನು ಬಿಟ್ಟರೆ ಮುಂದೆ ತನ್ನನ್ನು ತಾನೇ ಕ್ಷಮಿಸಿಕೊಳ್ಳಲಾರನೆಂದು ಎಚ್ಚರಿಸಿದನು. ಸಂಜೆ ಪಂದ್ಯದ ಹೊತ್ತಿಗೆ ಸಮೀಪದ ಚರ್ಚಿನ ಮೇಲಿನ ಧ್ವಜ ಜೋತುಬಿದ್ದುದನ್ನು ಕಂಡು ಬ್ಯಾನಿಸ್ಟರನು ಓಡಲು ಮನಸ್ಸುಮಾಡಿದನು.

ಮೊದಲೆರಡು ಸುತ್ತು ಬ್ರಾಷರ್ ಮುಂದೆ, ಮೂರನೆಯದಕ್ಕೆ ಚಾಟವೇ ಮುಂದೆ. ಈ ಸಲ ಎಲ್ಲರೂ ಆರಂಭದಿಂದ ಕೂಡಿ ಓಡಿದರು, ಆಕ್ಷೇಪಕ್ಕೆ ಎಡೆಯಿರಲಿಲ್ಲ. ಮೂರು ಸುತ್ತಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚೇ ಆಗಿತ್ತು. ಇನ್ನು 59 ಸೆಕೆಂಡಿನೊಳಗೆ ಕೊನೆಯ ಸುತ್ತು ಮುಗಿಯಬೇಕು. ಕಡೆಯ ತಿರುವಿಗೆ ಮುಂಚೆ ಬ್ಯಾನಿಸ್ಟರನು ಚಾಟವೇಯನ್ನು ದಾಟಿ, ಉಳಿದ ಬಲವನ್ನೆಲ್ಲ ಸುರಿದು ಓಡಿ, ಗುರಿ ಮುಟ್ಟಿದೊಡನೆ ಕಣ್ಣು ಕತ್ತಲಿಟ್ಟು ಕುಸಿದನು. ಸಾರುವವನ ಬಾಯಿಂದ ‘ಮೂರು ನಿಮಿಷ’ ಎಂಬ ಮಾತು ಹೊರಟದ್ದೇ ತಡ, ಮಿಕ್ಕುದು ಜನಘೋಷದಲ್ಲಿ ಅಡಗಿಹೋಯಿತು. ಕಾಲ: 3 ನಿಮಿಷ 59.4 ಸೆಕೆಂಡು.

ಈ ಕೀರ್ತಿ ಎಷ್ಟು ದಿನ ಉಳಿಯಿತು? ನಲವತ್ತಾರೇ ದಿನ! ಜೂನ್ 21ರಂದು ಫಿನ್‌ಲೆಂಡಿನಲ್ಲಿ ಲ್ಯಾಂಡಿಯು ಅದನ್ನು ಮುರಿದನು. ಬ್ಯಾನಿಸ್ಟರನು ಎದೆಗುಂದದೆ ಜುಲೈಯಲ್ಲಿ ಸ್ವದೇಶದ ಚಾಂಪಿಯನ್ ಪದವಿಯನ್ನು ಗೆದ್ದನು; ಆಗಸ್ಟಿನಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಲ್ಯಾಂಡಿಯೊಡನೆಯೇ ಓಡಿ 3 ನಿಮಿಷ 58.8 ಸೆಕೆಂಡಿನಲ್ಲಿ ಜಯಶಾಲಿಯಾದನು. ಸಂಕಲ್ಪದಂತೆ ಅದೇ ವರ್ಷ ಓಟಕ್ಕೆ ವಿದಾಯ ಹೇಳಿ ನರರೋಗಗಳ ತಜ್ಞನಾಗಿ ಬಾಳಿ, 2018ರಲ್ಲಿ ತೀರಿಕೊಂಡನು.

ಗೃಹಸ್ಥರು ಇದರಿಂದ ಕಲಿಯಬೇಕಾದುದೇನು? ನಾಲ್ಕು ನಿಮಿಷದಲ್ಲಿ ಮೈಲಿಯೋಡುವುದಂತೂ ಅಲ್ಲ. ನಮ್ಮ ಸುಶ್ರುತಾಚಾರ್ಯರು ಬಲದ ಅರ್ಧವನ್ನು ಮಾತ್ರ ವ್ಯಾಯಾಮದಲ್ಲಿ ವೆಚ್ಚ ಮಾಡಬೇಕೆಂದೂ, ಉಸಿರು ಬಾಯಿಯಿಂದ ಹೊರಡತೊಡಗಿದರೆ ಆ ಅರ್ಧ ತೀರಿತೆಂದು ತಿಳಿಯಬೇಕೆಂದೂ ವಿಧಿಸಿದ್ದಾರೆ. ಸ್ಪರ್ಧಾಳುವಾದ ತರುಣನು ಆ ಗೆರೆಯನ್ನು ದಾಟಿಯಾನು. ನಮಗೆ ಆ ಗೆರೆಯೇ ಸಾಕು. ಆದರೆ ದಿನಕ್ಕೆ ಅರ್ಧ ಗಂಟೆ ಸಿಕ್ಕುವುದಿಲ್ಲವೆನ್ನುವವರು, ರೋಗಿಗಳ ಹಾಸಿಗೆಯ ಬಳಿಯಿಂದ ಎದ್ದು ಬಂದು ಬೂದಿಯ ಹಾದಿಯಲ್ಲಿ ಓಡಿ ಮತ್ತೆ ಅಲ್ಲಿಗೇ ಮರಳುತ್ತಿದ್ದ ಈ ವಿದ್ಯಾರ್ಥಿಯನ್ನು ನೆನೆಯಲಿ. ಮನೆಯ ಮಗನು ಪುಸ್ತಕವನ್ನು ಮಡಿಸಿಟ್ಟು ಮೈದಾನಕ್ಕೆ ಹೊರಟಾಗ, ಹುಬ್ಬುಗಂಟಿಕ್ಕುವ ಮೊದಲು ‘ಎಷ್ಟು ಹೊತ್ತಿಗೆ ಹಿಂದಿರುಗುವೆ?’ ಎಂದು ಮಾತ್ರ ಕೇಳಿದರೆ ಸಾಕೆಂದು ನಮ್ಮ ಭಾವನೆ.