ಇನ್ನೆಷ್ಟು ದಿನವೆಂಬ ಗಣಿತ

ಹುಬ್ಬಳ್ಳಿ ಧಾರವಾಡಗಳ ನಡುವಣ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯಂಥ ಆಸ್ಪತ್ರೆಗಳ ಪಡಸಾಲೆಯಲ್ಲಿ, ಎಕ್ಸ್‌ರೇ ಹಾಳೆಗಳನ್ನು ಬಟ್ಟೆಯಂಗಡಿಯ ಕೈಚೀಲದಲ್ಲಿ ತಂದ ಮಗನೊಬ್ಬನು, ಬೆನ್ನಿನ ಕ್ಯಾನ್ಸರಾದ ತಂದೆಯನ್ನು ಬೆಂಚಿನ ಮೇಲೆ ಕೂರಿಸಿ ಬಂದು, ಧ್ವನಿಯನ್ನು ತಗ್ಗಿಸಿ ‘ಸಾಹೇಬ್ರ, ಅಪ್ಪಗ ಇನ್ನ ಎಷ್ಟ ದಿನಾರೀ?’ ಎಂದು ಕೇಳುವುದುಂಟು. ವೈದ್ಯರು ಕೂಡಲೆ ಉತ್ತರಿಸದಿದ್ದರೆ ಅದು ನಿರ್ದಯತೆಯಲ್ಲ.

ಬೆನ್ನಿನ ಕ್ಯಾನ್ಸರೆಂದು ನಾವು ಕರೆಯುವುದರಲ್ಲಿ ಬಹುಪಾಲು ಬೆನ್ನಿನಲ್ಲಿ ಹುಟ್ಟಿದುದೇ ಅಲ್ಲ. ಸ್ತನ, ಶ್ವಾಸಕೋಶ, ಪ್ರೋಸ್ಟೇಟ್ ಗ್ರಂಥಿ ಇವುಗಳಲ್ಲಿ ಹುಟ್ಟಿ, ರಕ್ತದೊಡನೆ ಸಂಚರಿಸಿ, ಬೆನ್ನೆಲುಬಿನ ಮಣಿಗಳಲ್ಲಿ ನೆಲೆಯೂರಿದುದು. ಆದುದರಿಂದ ರೋಗಿಯ ಆಯುಷ್ಯವನ್ನು ನಿರ್ಣಯಿಸುವುದು ಗಡ್ಡೆ ಕಂಡ ಸ್ಥಳಕ್ಕಿಂತ ಹೆಚ್ಚಾಗಿ ಅದರ ತವರು. ಸ್ತನದಿಂದ ಬಂದುದಾದರೆ ವರ್ಷಗಳ ಮಾತು, ಶ್ವಾಸಕೋಶದಿಂದ ಬಂದುದಾದರೆ ಅನೇಕ ವೇಳೆ ತಿಂಗಳುಗಳ ಮಾತು. ಬೆನ್ನುಹುರಿಯೊಳಗೇ ಹುಟ್ಟುವ ಎಪೆಂಡೈಮೋಮಾ ಎಂಬ ವಿರಳ ಗಡ್ಡೆಯವರಲ್ಲಾದರೋ ಐದು ವರ್ಷಗಳ ತರುವಾಯವೂ ಬಹುಮಂದಿ ಬದುಕಿರುತ್ತಾರೆ.

ಈ ‘ಐದು ವರ್ಷದ ಬದುಕುಳಿವು’ ಎಂಬ ಅಂಕೆಯನ್ನು ಎಣಿಸುವ ಬಗೆಯೂ ಕುತೂಹಲಕರವಾದುದು. ಹತ್ತು ಮಂದಿ ರೋಗಿಗಳಿರಲಿ. ಮೊದಲ ತಿಂಗಳು ಒಬ್ಬರು ತೀರಿಕೊಂಡರು. ಎರಡನೆಯ ತಿಂಗಳು ಒಬ್ಬರು ಬಿತ್ತನೆಗೆಂದು ಊರಿಗೆ ಹೋದವರು ಮರಳಲೇ ಇಲ್ಲ. ಮೂರನೆಯ ತಿಂಗಳು ಮತ್ತೊಬ್ಬರು ತೀರಿಕೊಂಡರು. ಊರಿಗೆ ಹೋದವರನ್ನು ಸತ್ತವರೆಂದು ಬರೆದರೆ ಮೂರು ತಿಂಗಳ ಬದುಕುಳಿವು ನೂರಕ್ಕೆ 70, ಬದುಕಿರುವರೆಂದು ಬರೆದರೆ 80. ಎರಡೂ ಊಹೆಯೇ. 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು: ಕಣ್ಣಿಗೆ ಕಂಡ ಕೊನೆಯ ದಿನದವರೆಗೆ ಅವರನ್ನು ಲೆಕ್ಕದಲ್ಲಿಟ್ಟುಕೊಂಡು, ಅನಂತರ ಭಾಜಕದಿಂದ ತೆಗೆಯುವುದು. ಮೊದಲ ಸಾವಿಗೆ ಹತ್ತರಲ್ಲಿ ಒಂಬತ್ತು, ಎರಡನೆಯ ಸಾವಿಗೆ ಎಂಟರಲ್ಲಿ ಏಳು. ಗುಣಿಸಿದರೆ ನೂರಕ್ಕೆ ಸುಮಾರು 79. ಆದರೆ ಮರಳದವರೂ ಉಳಿದವರಂತೆಯೇ ಇರುವರೆಂಬ ನಂಬುಗೆ ಇದರ ತಳಹದಿ. ಬಿತ್ತನೆಯ ನೆಪ ಹೇಳಿದ ಮನುಷ್ಯನು ನಿಜಕ್ಕೂ ಏಳಲಾರದೆ ಮಲಗಿದ್ದರೆ, ಅಂಕೆಯು ವಾಸ್ತವಕ್ಕಿಂತ ಹಸನಾಗಿ ಕಾಣುವುದು. ನಮ್ಮ ಸೀಮೆಯಲ್ಲಿ ಇದು ಸಣ್ಣ ಸಂದೇಹವಲ್ಲ.

ನನ್ನನ್ನು ಕೇಳಿದರೆ, ಮಗನು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ: ಅಪ್ಪ ಎಷ್ಟು ದಿನ ನಡೆದಾಡಿಯಾನು? ಮಲಗಿದಾಗ ಹೆಚ್ಚುವ ಬೆನ್ನುನೋವು, ಬಸ್ಸಿನ ಮೆಟ್ಟಿಲು ಹತ್ತುವಾಗ ಸೋಲುವ ತೊಡೆ, ಕಟ್ಟಿದ ಮೂತ್ರ, ಇವು ಗಡ್ಡೆಯು ಬೆನ್ನುಹುರಿಯನ್ನು ಒತ್ತುತ್ತಿರುವ ಸೂಚನೆಗಳಾಗಿರಬಹುದು. ಕಾಲಿನ ಶಕ್ತಿ ಪೂರ್ತಿ ಹೋಗುವ ಮೊದಲೇ ಆಸ್ಪತ್ರೆ ಸೇರಿದವರ ಗತಿ ಮೇಲು. 2005ರಲ್ಲಿ ಅಮೆರಿಕದ ವೈದ್ಯ ಪ್ಯಾಚೆಲ್ ಮತ್ತು ಸಂಗಡಿಗರು ಹೀಗೆ ಬೆನ್ನುಹುರಿ ಒತ್ತಿಹೋದ 101 ರೋಗಿಗಳ ಪರೀಕ್ಷಾಫಲವನ್ನು ಪ್ರಕಟಿಸಿದರು. ಜನರು ‘ಕರೆಂಟ್ ಕೊಡಿಸುವುದು’ ಎನ್ನುವ ವಿಕಿರಣವೊಂದನ್ನೇ ಪಡೆದವರಲ್ಲಿ ಚಿಕಿತ್ಸೆಯ ಬಳಿಕ ನಡೆಯಬಲ್ಲವರಾದವರು ನೂರಕ್ಕೆ 57. ಶಸ್ತ್ರಕ್ರಿಯೆಯೂ ಸೇರಿದವರಲ್ಲಿ 84. ನಡೆಯುವ ಶಕ್ತಿ ಉಳಿದ ಅವಧಿಯ ಮಧ್ಯಾಂಕ, ಎಂದರೆ ಅರ್ಧ ಮಂದಿ ದಾಟಿದ ಗಡುವು, ಮೊದಲನೆಯವರಿಗೆ 13 ದಿನ, ಎರಡನೆಯವರಿಗೆ 122: ಯಾರ ಆಸರೆಯೂ ಇಲ್ಲದೆ ಬಚ್ಚಲಿಗೆ ಹೋಗಿಬರುವ ನಾಲ್ಕು ತಿಂಗಳು.